ಗೆಳತಿಯರಿಗೆಲ್ಲ ಕೌನ್ಸೆಲರ್ ಆಗಿಬಿಟ್ಟ ವಿದ್ಯಾರ್ಥಿನಿ

ಆಕೆ ಪದವಿ ಎರಡನೇ ವರ್ಷದಲ್ಲಿ ಸೈಕಾಲಜಿ ಓದುತ್ತಿದ್ದಳು. ಗುರುತು ಸಿಗಬಾರದೆಂದು ಹೆಸರು ಬಿಟ್ಟು, ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಬಂದಿದ್ದು ಸ್ಟ್ಯಾಟಿಸ್ಟಿಕ್ಸ್ ಪೇಪರ್ ಫೇಲಾಗಿದ್ದಕ್ಕೆ.

"ಮೇಡಂ, ಪುಸ್ತಕ ತೆಗೆದರೆ ಒಂದಕ್ಷರವೂ ತಲೆಗೆ ಹತ್ತಲ್ಲ. ಕೋರ್ಸೇ ಬಿಟ್ಟುಬಿಡಲಾ?"

ನಿದ್ದೆ ಹೇಗಿದೆ ಅಂತ ಕೇಳಿದೆ. ವಿಷಯ ಅಲ್ಲಿತ್ತು. "ನೀನು ಸೈಕಾಲಜಿ ಅಲ್ವಾ, ನಿಂಗೆ ಅರ್ಥ ಆಗುತ್ತೆ" ಅಂತ ಗೆಳತಿಯರು ಒಬ್ಬರ ಹಿಂದೆ ಒಬ್ಬರು ರಾತ್ರಿ ಫೋನ್ ಮಾಡುತ್ತಿದ್ದರು. ಈಕೆ ಬೆಳಗಿನ ಜಾವದವರೆಗೂ ಕೇಳಿಸಿಕೊಳ್ಳುತ್ತಿದ್ದಳು. ನೋಟ್‌ಬುಕ್ಕಿನ ಕೊನೇ ಪುಟ ತೆಗೆದು ತೋರಿಸಿದಳು. ಗೆಳತಿಯರ ಹೆಸರಿನ ಮೊದಲ ಅಕ್ಷರಗಳು, ಪಕ್ಕದಲ್ಲಿ 'ಖಿನ್ನತೆ?', 'ಆತಂಕ?', 'ಒಸಿಡಿ (ಗೀಳು ರೋಗ)?'. ಒಂದು ಅಕ್ಷರದ ಮುಂದೆ ಮಾತ್ರ ಖಾಲಿ ಇತ್ತು. ಯಾಕೆ ಅಂದಾಗ ಅಳು ಬಂತು. ಆ ಗೆಳತಿ "ಬದುಕೋಕೇ ಇಷ್ಟ ಇಲ್ಲ, ಯಾರಿಗೂ ಹೇಳಬೇಡ" ಅಂದಿದ್ದಳು.

ಪರೀಕ್ಷೆಯ ಮಾತು ಅಲ್ಲಿಗೇ ಬಿಟ್ಟೆವು.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಮೇಡಂ."

ಕೌನ್ಸೆಲಿಂಗನ್ನೇ ವೃತ್ತಿ ಮಾಡಿಕೊಂಡ ನಾವೂ ಬಂದವರ ಗುಟ್ಟು ಕಾಪಾಡುತ್ತೇವೆ. ಆದರೆ ಜೀವಕ್ಕೆ ಅಪಾಯವಿದ್ದರೆ ಮುಚ್ಚಿಡುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ತಿಳಿಸಿರುತ್ತೇವೆ. ನಾವೇ ಹೊರಲಾಗದ ಗುಟ್ಟನ್ನು ಆಕೆ ಒಬ್ಬಳೇ ಹೊತ್ತಿದ್ದಳು. ನಾನು ಹೇಳಿದ್ದು ಇಷ್ಟು: ಇವತ್ತೇ ಮಾತಾಡು. "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ. ಎಷ್ಟೋ ಸಲ ಹೇಳಿಕೊಳ್ಳುವುದಕ್ಕೆ ದಾರಿ ಆಗುತ್ತದೆ. ಹೇಗೆ, ಯಾವಾಗ ಅಂತ ಯೋಚಿಸಿಟ್ಟಿದ್ದರೆ ಒಬ್ಬಳನ್ನೇ ಬಿಡಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು. "ಇದನ್ನ ಗುಟ್ಟಾಗಿ ಇಡೋಕೆ ನನ್ನಿಂದ ಆಗಲ್ಲ, ಆದರೆ ನಿನ್ನ ಜೊತೆ ನಾನೂ ಬರ್ತೀನಿ" ಎಂಬ ಮಾತನ್ನು ನನ್ನೆದುರೇ ಹೇಳಿ ಅಭ್ಯಾಸ ಮಾಡಿಕೊಂಡಳು. ಫೋನ್ ಕೂಡ ನನ್ನ ಕೋಣೆಯಿಂದಲೇ ಮಾಡಿದಳು. ಅವತ್ತು ಸಂಜೆ ಇಬ್ಬರೂ ಸೈಕಿಯಾಟ್ರಿಸ್ಟ್ ಹತ್ತಿರ ಹೋದರು. ಆ ಗೆಳತಿಗೆ ಈಗ ಚಿಕಿತ್ಸೆ ನಡೆಯುತ್ತಿದೆ.

ಮುಂದಿನ ಭೇಟಿಯಲ್ಲಿ ಆ ಪುಟದ ಬಗ್ಗೆ ಮಾತಾಡಿದೆವು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಕೈಪಿಡಿ ಡಿಎಸ್‌ಎಂ-5ರಲ್ಲಿ ಖಿನ್ನತೆಗೆ 9 ಲಕ್ಷಣಗಳಿವೆ. ಕನಿಷ್ಠ 5 ಇರಬೇಕು ಎನ್ನುವುದು ಎಲ್ಲ ವಿದ್ಯಾರ್ಥಿಗಳಿಗೂ ಬಾಯಿಪಾಠ. ಅವು ಒಟ್ಟಿಗೆ ಎರಡು ವಾರ ಇರಬೇಕು, ಅದರಲ್ಲಿ ಮಂಕುತನ ಅಥವಾ ಆಸಕ್ತಿ ಕಳೆದುಕೊಳ್ಳುವುದು ಇರಲೇಬೇಕು, ದಿನನಿತ್ಯದ ಬದುಕು ಹದಗೆಟ್ಟಿರಬೇಕು ಅಥವಾ ತೀವ್ರ ಸಂಕಟ ಇರಬೇಕು, ಥೈರಾಯ್ಡ್‌ನಂಥ ದೇಹದ ಕಾರಣ ಅಲ್ಲ ಅಂತ ನೋಡಿರಬೇಕು. ಇಷ್ಟನ್ನು ಫೋನಿನಲ್ಲಿ ಯಾರೂ ಅಳೆಯಲಾಗದು. ಮೂರು ವರ್ಷದ ಪದವಿ ಮನಸ್ಸಿನ ಬಗ್ಗೆ ಕಲಿಸುತ್ತದೆ. ರೋಗ ಗುರುತಿಸಿ ಚಿಕಿತ್ಸೆ ಕೊಡುವುದಕ್ಕೆ ಮುಂದಿನ ಓದು, ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿ ಬೇಕು.

"ಆದರೆ ನನ್ನ ಜೊತೆ ಮಾತಾಡಿದ ಮೇಲೆ ಅವರಿಗೆ ಹಗುರ ಆಗುತ್ತಲ್ಲ?" ಅಂದಳು. ಒಳ್ಳೆಯ ಪ್ರಶ್ನೆ. ಸುಮ್ನೆ ನಿದ್ದೆ ಮಾಡಿ ಎದ್ದಿದ್ದರೂ ಹಗುರ ಆಗುತ್ತಿತ್ತಾ? ಜಾಸ್ತಿ ಸಂಕಟ ಇದ್ದಾಗ ಜನ ಫೋನ್ ಮಾಡುತ್ತಾರೆ. ಮರುದಿನ ಅದು ತಾನಾಗಿಯೂ ಸ್ವಲ್ಪ ಇಳಿದಿರಬಹುದು. ಅದನ್ನು ಬೇರ್ಪಡಿಸಿ ನೋಡುವುದಕ್ಕೇ ಕಂಟ್ರೋಲ್ ಗ್ರೂಪ್ (ಹೋಲಿಸಿ ನೋಡಲು ಆ ಸಹಾಯ ಕೊಡದೆ ಇಟ್ಟ ಗುಂಪು), ಸಿಗ್ನಿಫಿಕೆನ್ಸ್ ಟೆಸ್ಟ್ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ನೋಡುವ ಲೆಕ್ಕ) ಎಲ್ಲ ಇರುವುದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಸೈಕಾಲಜಿಗೆಂದೇ ಪ್ರಯೋಗಾಲಯ ತೆರೆದಾಗಿನಿಂದಲೂ ಈ ಶಾಸ್ತ್ರ ಅಳತೆಯ ಜೊತೆಗೇ ಬೆಳೆದಿದೆ. ತಾನು ಫೇಲಾಗಿದ್ದ ಸ್ಟ್ಯಾಟಿಸ್ಟಿಕ್ಸ್ ಪೇಪರ್ ತನ್ನ ಪ್ರಶ್ನೆಗೇ ಉತ್ತರ ಹುಡುಕುತ್ತದೆ ಅಂತ ಗೊತ್ತಾದಾಗ ನೋಟ್‌ಬುಕ್ಕಿನ ಮುಂದಿನ ಪುಟಗಳನ್ನು ತಿರುವಿದಳು.

ರಾತ್ರಿ ಹತ್ತರ ನಂತರ ಫೋನ್ ಎತ್ತಬೇಡ ಅಂದೆ. ಗೆಳತಿಯರಿಗೆ ಮೊದಲೇ ಹೇಳಿಬಿಡು, ತುರ್ತಾದರೆ ಯಾವ ಸಹಾಯವಾಣಿಗೆ ಕರೆ ಮಾಡಬೇಕು ಅಂತ ಎಲ್ಲರಿಗೂ ಕಳಿಸು. ಗೆಳತಿಯಾಗಿ ಕೇಳಿಸಿಕೋ, ಹೆಸರಿನ ಪಕ್ಕ ರೋಗ ಬರೆಯಬೇಡ. ಒಬ್ಬಳು ಮುನಿಸಿಕೊಂಡಿದ್ದಾಳಂತೆ. ಅವಳನ್ನು ಸಮಾಧಾನ ಮಾಡಲು ನಿಯಮ ಮುರಿಯಬೇಡ ಅಂದಿದ್ದೇನೆ. ಮರುಪರೀಕ್ಷೆಗೆ ಹೆಸರು ಕೊಟ್ಟಿದ್ದಾಳೆ.