ಮನೆ ನೋಡುವ ಮೊದಲು ಕೊಮ್ಯೂನ್ ನೋಡು

"ಅಕ್ಕಾ, ನಮ್ಮವರಿಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್‌ಗೆ ಹೊರಡುತ್ತೇವೆ. ಮಗನಿಗೆ ಮೂರು ವರ್ಷ. ಬಾಡಿಗೆಗೆ ಮೂರು ಮನೆ ನೋಡಿಟ್ಟಿದ್ದೇವೆ. ಒಂದು ಶಿಸ್ತಾದಲ್ಲಿ, ಒಂದು ಹೆಲೆನೆಲುಂಡ್‌ನಲ್ಲಿ, ಇನ್ನೊಂದು ಕ್ನೀವ್‌ಸ್ತಾದಲ್ಲಿ. ಮೂರನೆಯದರ ಬಾಡಿಗೆ ಕಡಿಮೆ. ಎಲ್ಲಾ ಸ್ಟಾಕ್‌ಹೋಮೇ ತಾನೇ, ಯಾವುದಾದರೂ ಆಗುತ್ತೆ ಅಲ್ವಾ? ಕೊಮ್ಯೂನ್, ರೀಜನ್, ಲೆನ್ ಅಂತ ಏನೇನೋ ಕೇಳುತ್ತಾರೆ, ಒಂದೂ ಅರ್ಥವಾಗುತ್ತಿಲ್ಲ" ಎಂದು ಬನಶಂಕರಿಯಿಂದ ಬರೆದಿದ್ದೀಯ.

ಅಕ್ಕ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನಾನು 2009ರಲ್ಲಿ ಸ್ವೀಡನ್‌ಗೆ ಹೋದವಳು. ಈಗ ರಜೆಗೆ ಹನುಮಂತನಗರಕ್ಕೆ, ಅಮ್ಮನ ಮನೆಗೆ ಬಂದಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಎಲ್ಲಾ ಸ್ಟಾಕ್‌ಹೋಮ್ ಅಲ್ಲ. ನೀನು ನೋಡಿರುವ ಮೂರು ಮನೆ ಮೂರು ಬೇರೆ ಬೇರೆ ಕೊಮ್ಯೂನ್‌ನಲ್ಲಿವೆ. ಕೊಮ್ಯೂನ್ ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ನಮ್ಮ ಪಂಚಾಯಿತಿ, ಪಾಲಿಕೆ ಇದ್ದ ಹಾಗೆ. ಶಿಸ್ತಾ ಸ್ಟಾಕ್‌ಹೋಮ್ ನಗರಕ್ಕೆ ಸೇರಿದ್ದು. ಹೆಲೆನೆಲುಂಡ್ ಸೊಲೆಂಟೂನಾ ಕೊಮ್ಯೂನ್‌ಗೆ ಸೇರಿದ್ದು. ಕ್ನೀವ್‌ಸ್ತಾ ಅಂತೂ ಸ್ಟಾಕ್‌ಹೋಮ್ ಲೆನ್‌ನಲ್ಲೇ, ಅಂದರೆ ಆ ಜಿಲ್ಲೆಯಲ್ಲೇ ಇಲ್ಲ, ಅದು ಉಪ್ಸಾಲಾ ಲೆನ್. ಅಷ್ಟೇಕೆ, ನೀನು ಇಳಿಯುವ ಅರ್ಲಾಂಡಾ ವಿಮಾನ ನಿಲ್ದಾಣ ಕೂಡ ಸ್ಟಾಕ್‌ಹೋಮ್ ನಗರದ್ದಲ್ಲ, ಸಿಗ್ಟೂನಾ ಕೊಮ್ಯೂನ್‌ನದ್ದು. ನಮ್ಮ ವಿಮಾನ ನಿಲ್ದಾಣಕ್ಕೆ ಎಲ್ಲರೂ ಬೆಂಗಳೂರು ಅಂದರೂ ದೇವನಹಳ್ಳಿ ಇರುವುದು ಬೇರೆ ಜಿಲ್ಲೆಯಲ್ಲಿ ಅಲ್ವಾ, ಹಾಗೆ.

ಇದು ಸುಮ್ನೆ ನಕ್ಷೆಯ ಮೇಲಿನ ಗೆರೆ ಅಂದುಕೊಳ್ಳಬೇಡ. ಮಗನ ಶಾಲೆ, ಸಂಬಳದಲ್ಲಿ ಹಿಡಿಯುವ ತೆರಿಗೆ, ಜ್ವರ ಬಂದರೆ ಹೋಗುವ ಡಾಕ್ಟರು, ಕಸದ ಡಬ್ಬಿ ಎಲ್ಲವನ್ನೂ ಆ ಗೆರೆಯೇ ತೀರ್ಮಾನಿಸುತ್ತದೆ.

ಸ್ವೀಡನ್ ನೆಲದಲ್ಲಿ ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. ಜನ ಮಾತ್ರ ಒಂದು ಕೋಟಿ ಆರು ಲಕ್ಷದ ಆಸುಪಾಸು. ಬೆಂಗಳೂರು ಒಂದರಲ್ಲೇ ಅದಕ್ಕಿಂತ ಜಾಸ್ತಿ ಇದ್ದಾರೆ. ಆ ದೇಶವನ್ನು 290 ಕೊಮ್ಯೂನ್‌ಗಳಾಗಿ ಹಂಚಿದ್ದಾರೆ. ನಮ್ಮಲ್ಲಿ ಹಳ್ಳಿಗೆ ಗ್ರಾಮ ಪಂಚಾಯಿತಿ, ಸಣ್ಣ ಊರಿಗೆ ಪುರಸಭೆ, ದೊಡ್ಡ ಊರಿಗೆ ಮಹಾನಗರ ಪಾಲಿಕೆ ಅಂತ ಬೇರೆ ಬೇರೆ ಇವೆ. ಅಲ್ಲಿ ಹಾಗಿಲ್ಲ. ಹತ್ತು ಲಕ್ಷದ ಹತ್ತಿರ ಜನ ಇರುವ ಸ್ಟಾಕ್‌ಹೋಮ್ ಕೂಡ ಕೊಮ್ಯೂನ್, ಎರಡೂವರೆ ಸಾವಿರ ಜನ ಕೂಡ ಇಲ್ಲದ ಬ್ಯೂರ್‌ಹೋಲ್ಮ್ ಕೂಡ ಕೊಮ್ಯೂನ್. ಇಬ್ಬರಿಗೂ ಕಾನೂನು ಕೊಟ್ಟಿರುವ ಕೆಲಸ ಹೆಚ್ಚುಕಡಿಮೆ ಒಂದೇ. ಉತ್ತರದ ತುದಿಯಲ್ಲಿ ಕಿರುನಾ ಅಂತ ಇದೆ. ವಿಸ್ತೀರ್ಣದಲ್ಲಿ ಅದೊಂದು ಕೊಮ್ಯೂನ್ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನ ಇಪ್ಪತ್ತೆರಡು ಸಾವಿರ ಚಿಲ್ಲರೆ. ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬೆರಿ ಒಂಬತ್ತು ಚದರ ಕಿಲೋಮೀಟರ್ ಕೂಡ ಇಲ್ಲ, ಅರ್ಧ ದಿನದಲ್ಲಿ ನಡೆದು ಸುತ್ತಿ ಬರಬಹುದು. ಅದೂ ಪೂರ್ತಿ ಕೊಮ್ಯೂನೇ.

ಕೊಮ್ಯೂನ್‌ನ ಕೆಲಸ ಏನೆಂದರೆ ಶಾಲೆ, ಪುಟ್ಟ ಮಕ್ಕಳ ಫರ್‌ಸ್ಕೂಲಾ (ನಮ್ಮ ಶಿಶುವಿಹಾರದ ಹಾಗೆ), ವಯಸ್ಸಾದವರ ಆರೈಕೆ, ಕುಡಿಯುವ ನೀರು, ಚರಂಡಿ, ಕಸ, ಲೈಬ್ರರಿ, ಅಗ್ನಿಶಾಮಕ ದಳ, ಮನೆ ಕಟ್ಟಲು ಅನುಮತಿ. ನಿನಗೆ ಸ್ವೀಡಿಷ್ ಭಾಷೆ ಪುಕ್ಕಟೆಯಾಗಿ ಕಲಿಸುವ ಜವಾಬ್ದಾರಿಯೂ ಅದರದ್ದೇ.

ಇದಲ್ಲದೆ 21 ರೀಜನ್‌ಗಳಿವೆ. ಆಸ್ಪತ್ರೆ, ಡಾಕ್ಟರು, ಬಸ್ಸು, ಸ್ಥಳೀಯ ರೈಲು ಅವುಗಳ ಪಾಲು. ಇಲ್ಲಿ ನಮ್ಮವರೆಲ್ಲ ಎಡವುತ್ತಾರೆ, ನಾನೂ ಎಡವಿದ್ದೆ. ಪಂಚಾಯಿತಿ, ಅದರ ಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಯೋಚಿಸುವುದು ನಮಗೆ ರೂಢಿ. ಅಲ್ಲಿ ರೀಜನ್ ಅನ್ನುವುದು ಕೊಮ್ಯೂನ್‌ನ ಮೇಲಧಿಕಾರಿ ಅಲ್ಲ. ಎರಡೂ ಅಕ್ಕಪಕ್ಕ ನಿಂತಿವೆ. ಎರಡಕ್ಕೂ ಬೇರೆ ಚುನಾವಣೆ, ಎರಡಕ್ಕೂ ತೆರಿಗೆ ಹಾಕುವ ಹಕ್ಕು. ಶಾಲೆಯ ದೂರನ್ನು ರೀಜನ್‌ಗೆ ಬರೆದರೆ ಯಾರೂ ಮೇಲಿನಿಂದ ಕೆಳಕ್ಕೆ ಕಳಿಸುವುದಿಲ್ಲ. ಇದು ನಮ್ಮದಲ್ಲ ಅಂತ ಉತ್ತರ ಬರುತ್ತದೆ, ಅಷ್ಟೇ. ವಯಸ್ಸಾದ ಸ್ವೀಡಿಷರು ಇನ್ನೂ "ಲಾಂಡ್ಸ್‌ಟಿಂಗ್" ಅನ್ನುವುದು ಕಿವಿಗೆ ಬಿದ್ದರೆ ಗೊಂದಲ ಬೇಡ. ಅದು ರೀಜನ್‌ನ ಹಳೆಯ ಹೆಸರು, 1862ರಿಂದ ಬಂದದ್ದು.

ಲೆನ್ ಅಂದರೆ ನಮ್ಮ ಜಿಲ್ಲೆ ಅಂದುಕೋ. ಅವೂ 21. ರೀಜನ್ ಎಲ್ಲಿದೆಯೋ ಲೆನ್ ಕೂಡ ಅಲ್ಲೇ, ಗಡಿ ಒಂದೇ. ಆದರೆ ರೀಜನ್ ಜನ ಆರಿಸಿದ್ದು, ಲೆನ್ ಸರ್ಕಾರದ ಕೈ. ಅದಕ್ಕೆ ಸರ್ಕಾರವೇ ನೇಮಿಸಿದ ಮುಖ್ಯಸ್ಥರಿರುತ್ತಾರೆ, ನಮ್ಮ ಡಿಸಿ ಇದ್ದ ಹಾಗೆ. ಈ ಏರ್ಪಾಟು 1634ರಷ್ಟು ಹಳೆಯದು. ಸ್ಟಾಕ್‌ಹೋಮ್ ಲೆನ್ ಒಂದರಲ್ಲೇ 26 ಕೊಮ್ಯೂನ್‌ಗಳಿವೆ. ದಿನನಿತ್ಯದ ಬದುಕಿನಲ್ಲಿ ಲೆನ್ ಕಚೇರಿಯ ಬಾಗಿಲು ತಟ್ಟುವ ಸಂದರ್ಭ ನಿನಗೆ ಬರುವುದು ಕಡಿಮೆ. ಇನ್ನು ಜನ "ನಾನು ದಾಲಾರ್ನಾದವನು, ಅವಳು ಸ್ಮೋಲಾಂಡ್‌ನವಳು" ಅನ್ನುತ್ತಾರಲ್ಲ, ಅದು 25 ಹಳೆಯ ಸೀಮೆಗಳ ಹೆಸರು. ನಾವು ಮಲೆನಾಡು, ಬಯಲುಸೀಮೆ ಅಂದ ಹಾಗೆ. ಅವಕ್ಕೆ ಕಚೇರಿ ಇಲ್ಲ, ಅರ್ಜಿ ಇಲ್ಲ, ಅಭಿಮಾನ ಮಾತ್ರ ಇದೆ.

ಈಗ ನಿನ್ನ ಮನೆಗಳ ವಿಷಯಕ್ಕೆ ಬರೋಣ.

ಶಿಸ್ತಾದಿಂದ ಹೆಲೆನೆಲುಂಡ್‌ಗೆ ನಡೆದೇ ಹೋಗಬಹುದು. (ಇಂಗ್ಲಿಷ್ ಓದುವ ಹಾಗೆ ಓದಿ ಕಿಸ್ತಾ ಅನ್ನಬೇಡ, ಅಲ್ಲಿನವರು ಹೇಳುವುದು ಶಿಸ್ತಾ ಅಂತಲೇ.) ಮಧ್ಯದಲ್ಲಿ ಗಡಿ ದಾಟಿದ್ದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಆಮೇಲೆ. ನಮ್ಮದೇ ಕಥೆ ಹೇಳುತ್ತೇನೆ.

ಮಗಳಿಗೆ ಆಗ ಎರಡೂವರೆ ವರ್ಷ. ಫರ್‌ಸ್ಕೂಲಾಗೆ ಹೊಂದಿಕೊಂಡಿದ್ದಳು. ಒಂದು ಕೋಣೆಯ ಮನೆ ಸಾಲದು ಅಂತ ಸ್ವಲ್ಪ ದೊಡ್ಡದು ಹುಡುಕಿದೆವು. ಹೊಸ ಮನೆ ಎಷ್ಟು ಹತ್ತಿರ ಅಂದರೆ, ಹಳೆಯ ಮನೆಯ ಬಾಲ್ಕನಿಯಲ್ಲಿ ನಿಂತರೆ ರೈಲು ಹಳಿಯ ಆಚೆ ಅದರ ಮಾಡು ಕಾಣುತ್ತಿತ್ತು. ಸಾಮಾನನ್ನು ತಳ್ಳುಗಾಡಿಯಲ್ಲೇ ನಾಲ್ಕು ಸಲ ಸಾಗಿಸಿದೆವು. ವಿಳಾಸ ಬದಲಾಯಿಸಿ ಎರಡು ವಾರಕ್ಕೆ ಒಂದು ಪತ್ರ ಬಂತು. ನೀವು ನಮ್ಮ ಕೊಮ್ಯೂನ್ ಬಿಟ್ಟಿದ್ದೀರಿ, ಮಗುವಿನ ಜಾಗ ಇಂಥ ದಿನಕ್ಕೆ ಮುಗಿಯುತ್ತದೆ ಎಂದಿತ್ತು. ಹಳಿಯ ಆಚೆಗೆ ಬೇರೆ ಕೊಮ್ಯೂನ್ ಅಂತ ನಮಗೆ ಹೊಳೆದೇ ಇರಲಿಲ್ಲ. ಹೊಸ ಕಡೆ ಸರತಿಯ ಕೊನೆಯಲ್ಲಿ ನಿಂತೆವು. ಮೂರು ತಿಂಗಳು ನಾವಿಬ್ಬರೂ ರಜೆ ಹಂಚಿಕೊಂಡು ಮಗಳನ್ನು ನೋಡಿಕೊಂಡೆವು. ಅಂಗಡಿಗೆ ಹೋಗುವ ದಾರಿಯಲ್ಲಿ ಹಳೆಯ ಶಾಲೆಯ ಗೇಟು ಸಿಗುತ್ತಿತ್ತು. ಅದರ ಕಂಬಿ ಹಿಡಿದುಕೊಂಡು ಟೀಚರ್ ಹೆಸರು ಕೂಗುತ್ತಿದ್ದಳು. ಅವರು ಹೊರಗೆ ಬಂದು ಅವಳ ಟೋಪಿ ಸರಿ ಮಾಡಿ ಕಳಿಸುತ್ತಿದ್ದರು. ಆ ಕೂಗು ನನಗಿನ್ನೂ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನೀನು ಹೀಗೆ ಮಾಡು. ಹೋದ ಕೂಡಲೇ ಸ್ಕಾಟೆವರ್ಕೆಟ್ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಅದು ತೆರಿಗೆ ಇಲಾಖೆ, ಆದರೆ ಜನರ ನೋಂದಣಿ ಮಾಡುವುದೂ ಅದೇ. ಅದು ಕೊಮ್ಯೂನ್‌ನದ್ದಲ್ಲ, ಸರ್ಕಾರದ್ದು. ಒಂದು ವರ್ಷವಾದರೂ ಇರುವವರಿಗೆ ಪರ್ಸನ್‌ನಂಬರ್, ಅಂದರೆ ಗುರುತಿನ ಸಂಖ್ಯೆ ಕೊಡುತ್ತಾರೆ. ಅದು ಬಂದ ದಿನವೇ ಕೊಮ್ಯೂನ್‌ನ ವೆಬ್‌ಸೈಟಿನಲ್ಲಿ ಫರ್‌ಸ್ಕೂಲಾಗೆ ಅರ್ಜಿ ಹಾಕು. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಜಾಗ ಕೊಡಬೇಕು ಅಂತ ಕಾನೂನೇ ಇದೆ. ನೀನು ಬಯಸಿದ ಶಾಲೆಯೇ ಸಿಗುತ್ತದೆ ಅಂತಿಲ್ಲ. ಮಗುವಿಗೆ ಮೂರು ತುಂಬುವ ವರ್ಷದ ಆಗಸ್ಟ್‌ನಿಂದ ವರ್ಷಕ್ಕೆ 525 ಗಂಟೆ ಪುಕ್ಕಟೆ. ಉಳಿದ ಹೊತ್ತಿನ ಶುಲ್ಕಕ್ಕೂ ಮಿತಿ ಇದೆ. ಮಕ್ಕಳ ಭತ್ಯೆ ತಿಂಗಳಿಗೆ 1,250 ಕ್ರೋನಾ ಸರ್ಕಾರದಿಂದ ಬರುತ್ತದೆ, ಅದಕ್ಕೆ ಕೊಮ್ಯೂನ್‌ನಲ್ಲಿ ಕೇಳಬೇಡ. ಡಾಕ್ಟರಿಗೆ ನಿಮ್ಮ ಏರಿಯಾದ ಆರೋಗ್ಯ ಕೇಂದ್ರ, ಅಂದರೆ ವೋರ್ಡ್‌ಸೆಂಟ್ರಾಲ್‌ನಲ್ಲಿ ಹೆಸರು ಬರೆಸು, ಅದು ರೀಜನ್‌ನದ್ದು. ರಾತ್ರಿ ಮಗುವಿಗೆ ಜ್ವರ ಬಂದು ಏನು ಮಾಡಬೇಕು ತಿಳಿಯದಿದ್ದರೆ 1177ಕ್ಕೆ ಫೋನ್ ಮಾಡು. ನರ್ಸ್ ಸಮಾಧಾನವಾಗಿ ಕೇಳಿಸಿಕೊಂಡು ಹೇಳುತ್ತಾರೆ.

ತೆರಿಗೆಯ ಮಾತು. ಮೊದಲ ಸಂಬಳದ ಚೀಟಿ ಬಂದಾಗ "ಟಾಬೆಲ್" ಅಂತ ಒಂದು ಪದ, ಅದರ ಮುಂದೆ 30 ಅಥವಾ 31 ಅಂತ ಒಂದು ಅಂಕಿ ಕಾಣುತ್ತದೆ. ಆ ಅಂಕಿ ನೀನಿರುವ ಜಾಗದ ತೆರಿಗೆ. ಕೊಮ್ಯೂನ್‌ನ ಪಾಲು, ರೀಜನ್‌ನ ಪಾಲು ಎರಡೂ ಸೇರಿ ನೂರಕ್ಕೆ ಅಷ್ಟು. ಸ್ಟಾಕ್‌ಹೋಮ್ ಸುತ್ತಮುತ್ತ ಮೂವತ್ತರ ಹತ್ತಿರ, ಅದರಲ್ಲಿ ಸುಮಾರು 18 ಕೊಮ್ಯೂನ್‌ಗೆ, 12 ರೀಜನ್‌ಗೆ. ಉತ್ತರದ ಸಣ್ಣ ಊರುಗಳಲ್ಲಿ 35ರವರೆಗೂ ಹೋಗುತ್ತದೆ. ಅಲ್ಲಿ ಜನ ಕಡಿಮೆ, ದೂರ ಜಾಸ್ತಿ, ವಯಸ್ಸಾದವರು ಜಾಸ್ತಿ. ಬಹಳಷ್ಟು ಜನ ಕಟ್ಟುವುದು ಈ ಸ್ಥಳೀಯ ತೆರಿಗೆ ಮಾತ್ರ. ಸಂಬಳ ಒಂದು ಮಿತಿ ದಾಟಿದರೆ ಮೇಲಿನ ಭಾಗಕ್ಕೆ ಸರ್ಕಾರ ಇನ್ನೂ ನೂರಕ್ಕೆ 20 ಹಿಡಿಯುತ್ತದೆ. ವರ್ಷದ ಮಧ್ಯೆ ಮನೆ ಬದಲಾಯಿಸಿದರೆ ತೆರಿಗೆ ಆಗಲೇ ಬದಲಾಗುವುದಿಲ್ಲ. ಹಿಂದಿನ ವರ್ಷದ ನವೆಂಬರ್ 1ರಂದು ಎಲ್ಲಿ ನೋಂದಣಿ ಇತ್ತೋ ಆ ಕೊಮ್ಯೂನ್‌ನ ದರವೇ ಲೆಕ್ಕಕ್ಕೆ.

ಕ್ನೀವ್‌ಸ್ತಾ ಕೆಟ್ಟ ಜಾಗ ಅಂತ ನಾನು ಹೇಳುತ್ತಿಲ್ಲ. ಕಾಡು, ಹೊಲ, ರೈಲು ಎಲ್ಲಾ ಇದೆ. ಆದರೆ ಅದು ಬೇರೆ ರೀಜನ್. ಸ್ಟಾಕ್‌ಹೋಮ್‌ನ ತಿಂಗಳ ಪಾಸ್ ಅಲ್ಲಿಯವರೆಗೆ ನಡೆಯುವುದಿಲ್ಲ. ಎರಡೂ ರೀಜನ್ ಸೇರಿಸಿದ ಟಿಕೆಟ್ ಬೇಕು, ಅದು ದುಬಾರಿ. ಬಾಡಿಗೆಯಲ್ಲಿ ಉಳಿಸಿದ್ದರಲ್ಲಿ ಎಷ್ಟು ಇದಕ್ಕೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಆಮೇಲೆ ಒಪ್ಪಿಕೊಳ್ಳಿ. ದೊಡ್ಡಾಸ್ಪತ್ರೆ ಕೂಡ ಉಪ್ಸಾಲಾದಲ್ಲಿ.

ಆದರೂ ಆ ಊರಿನ ಕಥೆ ನನಗೆ ಇಷ್ಟ. 1950ರ ಹೊತ್ತಿಗೆ ಸ್ವೀಡನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೊಮ್ಯೂನ್‌ಗಳಿದ್ದವು. ಸಣ್ಣವಕ್ಕೆ ಶಾಲೆ ನಡೆಸುವ ಶಕ್ತಿ ಇಲ್ಲ ಅಂತ 1952ರಲ್ಲಿ ಸಾವಿರದ ಆಸುಪಾಸಿಗೆ ಇಳಿಸಿದರು, 1974ರ ಹೊತ್ತಿಗೆ 278ಕ್ಕೆ. ಕ್ನೀವ್‌ಸ್ತಾವನ್ನು 1971ರಲ್ಲಿ ಉಪ್ಸಾಲಾಗೆ ಸೇರಿಸಿದ್ದರು. 2003ರಲ್ಲಿ ಅದು ಮತ್ತೆ ತನ್ನದೇ ಕೊಮ್ಯೂನ್ ಆಯಿತು.

ನಮ್ಮ ಚಿಕ್ಕಪ್ಪನ ಮನೆ ಇರುವುದು 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಲ್ಲಿ ಒಂದರಲ್ಲಿ. ಪಂಚಾಯಿತಿ ಹೋಯಿತು, ಪಾಲಿಕೆ ಬಂತು, ಕಾವೇರಿ ನೀರು ಮಾತ್ರ ವರ್ಷಗಟ್ಟಲೆ ಬರಲಿಲ್ಲ. "ಮೊದಲಾದರೆ ಪಂಚಾಯಿತಿ ಮೆಂಬರನ್ನು ಟೀ ಅಂಗಡಿಯಲ್ಲೇ ಹಿಡಿದು ಕೇಳುತ್ತಿದ್ದೆ" ಅನ್ನುತ್ತಿದ್ದರು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದು ಮಾಡಿದರು. ಅಮ್ಮ ಈಗಲೂ ಬೀದಿ ದೀಪ ಕೆಟ್ಟರೆ ಹಳೆಯ ಕಾರ್ಪೊರೇಟರ್ ಹೆಸರನ್ನೇ ಹೇಳುತ್ತಾಳೆ. ಯಾರನ್ನು ಕೇಳಬೇಕು ಅಂತ ಗೊತ್ತಿರುವುದೇ ದೊಡ್ಡ ಸವಲತ್ತು ಅಂತ ನನಗೆ ಅನ್ನಿಸಿದ್ದು ಅವಳನ್ನು ನೋಡಿಯೇ.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರುವುದಿಲ್ಲ. ಮೂರು ವರ್ಷ ಸತತವಾಗಿ ಅಲ್ಲಿ ನೋಂದಣಿ ಇದ್ದರೆ, ಪೌರತ್ವ ಇಲ್ಲದಿದ್ದರೂ, ಕೊಮ್ಯೂನ್ ಮತ್ತು ರೀಜನ್ ಚುನಾವಣೆಗಳಲ್ಲಿ ನೀನು ಮತ ಹಾಕಬಹುದು. ಪಾರ್ಲಿಮೆಂಟಿಗೆ ಮಾತ್ರ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರ್‌ನ ಎರಡನೇ ಭಾನುವಾರ, ಮೂರೂ ಚುನಾವಣೆ ಒಂದೇ ದಿನ ನಡೆಯುತ್ತವೆ. ಯಾವ ಅರ್ಜಿಯನ್ನೂ ಹಾಕಬೇಕಿಲ್ಲ, ಮತದ ಚೀಟಿ ತಾನಾಗಿ ಮನೆಗೆ ಬರುತ್ತದೆ. ನನಗೆ ಬಂದದ್ದು 2014ರಲ್ಲಿ. ಬಾಗಿಲ ಸಂದಿಯಿಂದ ಕರೆಂಟ್ ಬಿಲ್ ಜೊತೆ ಒಳಗೆ ಬಿದ್ದಿತ್ತು. ನನ್ನ ಹೆಸರು, ಯಾವ ಶಾಲೆಗೆ ಹೋಗಬೇಕು, ಎಷ್ಟು ಗಂಟೆಗೆ, ಎಲ್ಲಾ ಬರೆದಿತ್ತು. ಆ ದಿನ ಮಗಳನ್ನು ಕರೆದುಕೊಂಡು ಹೋದೆ. ಪಾರ್ಲಿಮೆಂಟಿಗೆ ಹಳದಿ ಚೀಟಿ, ಕೊಮ್ಯೂನ್‌ಗೆ ಬಿಳಿ, ರೀಜನ್‌ಗೆ ನೀಲಿ. ನಾನು ಬಿಳಿ ಮತ್ತು ನೀಲಿ ಹಾಕಿದೆ. ಮೂರು ತಿಂಗಳು ಸರತಿಯಲ್ಲಿ ನಿಲ್ಲಿಸಿದ ಆ ಕೊಮ್ಯೂನ್‌ಗೆ, ಫರ್‌ಸ್ಕೂಲಾ ಹೆಚ್ಚಿಸುತ್ತೇವೆ ಅಂದ ಪಕ್ಷವನ್ನು ಆರಿಸಿ ಬಿಳಿ ಚೀಟಿ ಕೊಟ್ಟೆ. ಹೊರಗಿನವಳು ಅನ್ನುವ ಭಾವನೆ ನನಗೆ ಮೊದಲು ಕಡಿಮೆಯಾದದ್ದು ಆ ಶಾಲೆಯ ಜಿಮ್ ಹಾಲ್‌ನಲ್ಲಿ.

ನನ್ನನ್ನು ಕೇಳಿದರೆ, ಮಗನಿಗೋಸ್ಕರ ಶಿಸ್ತಾ ಅಥವಾ ಹೆಲೆನೆಲುಂಡ್ ಆರಿಸಿಕೋ. ಎರಡರಲ್ಲಿ ಯಾವ ಕಡೆ ಎರಡು ಮೂರು ವರ್ಷ ಕದಲದೆ ಇರಬಹುದೋ ಅದನ್ನು ನೋಡು. ಬಾಡಿಗೆ ಕರಾರು ಆರು ತಿಂಗಳದ್ದಾದರೆ ಬೇಡ ಅನ್ನು.

ಇನ್ನೂ ಎರಡು ವಾರ ಇಲ್ಲೇ ಇರುತ್ತೇನೆ. ಬನಶಂಕರಿಯಿಂದ ಹನುಮಂತನಗರ ಏನು ದೂರ, ಒಂದು ಸಂಜೆ ಮಗನನ್ನೂ ಕರೆದುಕೊಂಡು ಬಾ. ಮೂರೂ ಮನೆಗಳ ಪೂರ್ತಿ ವಿಳಾಸ ತಾ, ಬೀದಿ ನಂಬರ್ ಸಮೇತ. ನಕ್ಷೆ ಹಾಕಿಕೊಂಡು ಗಡಿ ಎಲ್ಲಿ ಹಾದುಹೋಗುತ್ತದೆ ಅಂತ ಕೂತು ನೋಡೋಣ.