ಸಿಂಥ್‌ನಲ್ಲಿ (ಸಿಂಥಸೈಜರ್, ಅಂದರೆ ಬೇಕಾದ ಟೋನ್ ನಾವೇ ಮಾಡಿಕೊಳ್ಳುವ ಎಲೆಕ್ಟ್ರಾನಿಕ್ ಕೀಬೋರ್ಡ್) ವೇಗವಾಗಿ ನುಡಿಸಿದರೆ ನಡುವಿನ ಸ್ವರಗಳೇ ಬರುವುದಿಲ್ಲ. ಕೀ ಹಾಳಾಗಿದೆಯೇ? ಜಾಸ್ತಿ ಪಾಲಿಫೋನಿ, ಅಂದರೆ ಒಟ್ಟಿಗೆ ಹೆಚ್ಚು ಸ್ವರ ನುಡಿಸುವ ಶಕ್ತಿ, ಇರುವುದನ್ನು ಕೊಳ್ಳಲೇ?

ಕೊಳ್ಳಬೇಡಿ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಅದನ್ನೂ ಕೆಳಗಿಡಿ.

ನಿಮ್ಮದು ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೋನೋ ಸಿಂಥ್, ನೀವು ಹಾರ್ಮೋನಿಯಂ ಕಲಿತವರು, ನುಡಿಸಬೇಕೆಂದಿರುವುದು ಗಮಕ. ನಿಧಾನಕ್ಕೆ ನುಡಿಸಿದರೆ ಸರಿ, ವೇಗ ಹೆಚ್ಚಿದರೆ ಸ್ವರ ಮಾಯ ಅಂದಿದ್ದೀರಿ. ವೀಣೆ ಟೋನ್‌ನಲ್ಲಿ ಹೀಗಾಗುತ್ತದೆ, ಕೊಳಲು ಟೋನ್‌ನಲ್ಲಿ ಆಗುವುದಿಲ್ಲ ಅಂತಲೂ ಬರೆದಿದ್ದೀರಿ. ಇದೇ ಎರಡು ಸುಳಿವು ನನಗೂ ಸಿಕ್ಕಿದ್ದವು. ಎರಡನ್ನೂ ಬಿಟ್ಟು ನಾನು ಸ್ಯಾಂಡ್ ಪೇಪರ್ ಹಿಡಿದೆ.

ನಾನು ಹಾರ್ಮೋನಿಯಂ ಕಲಿತು ಆಮೇಲೆ ಕೀಬೋರ್ಡಿಗೆ ಬಂದವನು. ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮೋನೋ ಸಿಂಥ್ ಸಿಕ್ಕಿತು. ಅದರಲ್ಲಿ ವೀಣೆಯಂಥ ಟೋನ್ ಮಾಡಿಕೊಂಡೆ. ಮೀಟಿದ ತಕ್ಷಣ ಜೋರು, ಆಮೇಲೆ ಬೇಗ ಇಳಿದು ಪೂರ್ತಿ ಸದ್ದಡಗುವ ಹಾಗೆ. ಮನೆಯಲ್ಲಿ ಒಂದೊಂದೇ ಸ್ವರ ಒತ್ತಿ ಖುಷಿಪಟ್ಟಿದ್ದೆ. ಸ್ಟೇಜ್ ಮೇಲೆ ಚರಣಕ್ಕೆ ಮುಂಚಿನ ಬಿಟ್ ಬಂತು. ಸರಿಗಮ ಅಂತ ಓಡಿಸಿದರೆ ಸ ಕೇಳಿತು, ರಿ ಅರ್ಧಂಬರ್ಧ, ಮಿಕ್ಕಿದ್ದು ಇಲ್ಲವೇ ಇಲ್ಲ. ತಬಲಾದವರು ತಿರುಗಿ ನೋಡಿದರು.

ಅಂಗಡಿಯವರೊಬ್ಬರು "ಕಾಂಟ್ಯಾಕ್ಟ್ ಹೋಗಿದೆ ಸಾರ್" ಅಂದರು. ನಾನು ಬಿಚ್ಚಿದೆ. ಕೀಗಳ ಕೆಳಗೆ ರಬ್ಬರ್ ಪಟ್ಟಿ ಇರುತ್ತದೆ, ಅದರ ಒಳಭಾಗದಲ್ಲಿ ಕಪ್ಪು ಕಾರ್ಬನ್ ಚುಕ್ಕಿಗಳು. ಒತ್ತಿದ ವೇಗವನ್ನು ಗುರುತಿಸುವ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದು ಕೀಗೆ ಎರಡು ಚುಕ್ಕಿ. ಕೀ ಒತ್ತಿದಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ಒಂದು ಕ್ಷಣ ತಡವಾಗಿ. ನಡುವಿನ ಆ ಸಮಯ ಅಳೆದೇ ನೀವು ಮೆಲ್ಲಗೆ ಒತ್ತಿದಿರೋ ಜೋರಾಗಿ ಒತ್ತಿದಿರೋ ಅಂತ ಯಂತ್ರಕ್ಕೆ ಗೊತ್ತಾಗುವುದು. ಕರೆಂಟ್ ಹರಿಯುವುದೇ ಆ ಕಪ್ಪು ಲೇಪದಲ್ಲಿ. ನಾನು ಅದನ್ನು ಕೊಳೆ ಅಂದುಕೊಂಡೆ. ಹೊಳೆಯುವ ತನಕ ಉಜ್ಜಿದೆ, ಅದೂ ಒಂದೂ ಬಿಡದೆ. ತಿರುಗಿ ಜೋಡಿಸಿದರೆ ಕೆಲವು ಕೀ ಸತ್ತೇ ಹೋಗಿದ್ದವು. ಅಲ್ಲಿಯವರೆಗೆ ಆ ಸಿಂಥ್‌ಗೆ ಯಾವ ರೋಗವೂ ಇರಲಿಲ್ಲ, ನಾನೇ ತಂದು ಹಾಕಿದೆ. ಹೊಸ ಪಟ್ಟಿ ಹೊರದೇಶದಿಂದ ತರಿಸಬೇಕಾಯಿತು. ಅದು ಬರುವಷ್ಟರಲ್ಲಿ ಹಬ್ಬದ ಸೀಸನ್ ಮುಗಿದಿತ್ತು, ಸಂಪಾದನೆಯೂ ಹೋಯಿತು. ಪಟ್ಟಿ ಹಾಕಿ ಮತ್ತೆ ಸರಿಗಮ ನುಡಿಸಿದೆ. ಮತ್ತೆ ಸ ಮಾತ್ರ!

ಕೊನೆಗೆ, ರೆಕಾರ್ಡಿಂಗ್‌ಗಳಲ್ಲಿ ನುಡಿಸುತ್ತಿದ್ದ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಕೀಬೋರ್ಡ್ ನೋಡಲೇ ಇಲ್ಲ, ನನ್ನ ಬೆರಳು ನೋಡಿದರು. "ನೀನು ಹಿಂದಿನ ಕೀ ಬಿಡೋದೇ ಇಲ್ವಲ್ಲಯ್ಯ" ಅಂದರು.

ವಿಷಯ ಇಷ್ಟೇ. ಹಾರ್ಮೋನಿಯಂನಲ್ಲಿ ಒಂದು ಸ್ವರ ಬಿಡುವ ಮುಂಚೆ ಇನ್ನೊಂದನ್ನು ಹಿಡಿದುಬಿಟ್ಟರೆ ಏನೂ ಕೆಡುವುದಿಲ್ಲ, ಗಾಳಿ ಇರುವ ತನಕ ಎರಡೂ ನುಡಿಯುತ್ತವೆ. ಮೋನೋ ಸಿಂಥ್‌ನಲ್ಲಿ ಆ ಕೂಡುವಿಕೆಯೇ ಒಂದು ಆಜ್ಞೆ. ಸಿಂಗಲ್ ಟ್ರಿಗರ್ ಅಥವಾ ಲೆಗಾಟೋ ಮೋಡ್‌ನಲ್ಲಿ, ಒಂದು ಕೀ ಕೆಳಗಿದ್ದಾಗಲೇ ಇನ್ನೊಂದನ್ನು ಒತ್ತಿದರೆ ಶ್ರುತಿ ಮಾತ್ರ ಬದಲಾಗುತ್ತದೆ. ಎನ್ವಲಪ್, ಅಂದರೆ ಧ್ವನಿಯ ಏರಿಳಿತ, ಮೊದಲಿಂದ ಶುರುವಾಗುವುದಿಲ್ಲ. ಎಲ್ಲ ಬೆರಳೂ ಎತ್ತಿ ಮತ್ತೆ ಒತ್ತಿದರೆ ಮಾತ್ರ ಹೊಸ ಮೀಟು. ವೀಣೆ ಟೋನ್‌ನಲ್ಲಿ ಸಸ್ಟೇನ್, ಅಂದರೆ ಕೀ ಹಿಡಿದಿರುವಷ್ಟು ಹೊತ್ತೂ ಉಳಿಯುವ ಸದ್ದು, ಸೊನ್ನೆ. ಗ ಒತ್ತುವ ಹೊತ್ತಿಗೆ ಸದ್ದು ಇಳಿದುಹೋಗಿರುತ್ತದೆ. ಶ್ರುತಿ ಗ-ಗೆ ಹೋಗುವುದೇನೋ ಹೋಗುತ್ತದೆ, ಆದರೆ ಕೇಳಿಸುವುದಕ್ಕೆ ಸದ್ದೇ ಉಳಿದಿಲ್ಲ. ಕೊಳಲು ಟೋನ್‌ಗೆ ಸಸ್ಟೇನ್ ಇದೆ, ಅದಕ್ಕೇ ಅಲ್ಲಿ ಸ್ವರ ತಪ್ಪುವುದಿಲ್ಲ.

ಮಲ್ಟಿ ಟ್ರಿಗರ್‌ಗೆ ಹಾಕಿ. ಬೆರಳು ಕೂಡಿದರೂ ಪ್ರತಿ ಕೀಗೂ ಹೊಸ ಮೀಟು ಬರುತ್ತದೆ. ಕೋರ್ಗ್‌ನ ಮೈಕ್ರೋಕೋರ್ಗ್‌ನಲ್ಲಿ ಟ್ರಿಗರ್ ಅನ್ನುವ ಸೆಟ್ಟಿಂಗ್‌ನಲ್ಲೇ ಸಿಂಗಲ್, ಮಲ್ಟಿ ಎರಡೂ ಇವೆ. 1982ರ ರೋಲ್ಯಾಂಡ್ ಎಸ್‌ಎಚ್-101ರಲ್ಲಿ ಇದಕ್ಕೆ ಒಂದು ಸ್ವಿಚ್ಚೇ ಇದೆ: ಗೇಟ್ (ಸಿಂಗಲ್), ಗೇಟ್ ಪ್ಲಸ್ ಟ್ರಿಗ್ (ಮಲ್ಟಿ), ಎಲ್‌ಎಫ್‌ಒ (ತಾನಾಗಿ ಮತ್ತೆ ಮತ್ತೆ ಮೀಟುವುದು). ನಿಮ್ಮದರಲ್ಲಿ ಪ್ಯಾನೆಲ್ ಮೇಲೆ ಕಾಣದಿದ್ದರೆ ಮೆನುವಿನ ಒಳಗೆ ಲೆಗಾಟೋ ಅನ್ನುವ ಹೆಸರಲ್ಲಿ ಹುಡುಕಿ.

ಇನ್ನೊಂದು ತಂಟೆ ನೋಟ್ ಪ್ರಯಾರಿಟಿ. ಎರಡು ಕೀ ಒತ್ತಿದರೆ ಯಾವುದು ನುಡಿಯಬೇಕು ಅನ್ನುವ ನಿಯಮ ಅದು. 1970ರ ಮಿನಿಮೂಗ್‌ನಲ್ಲಿ ಕೆಳಗಿನ ಸ್ವರಕ್ಕೇ ಮೊದಲ ಹಕ್ಕು, ಜೊತೆಗೆ ಸಿಂಗಲ್ ಟ್ರಿಗರ್. ಅದರಲ್ಲಿ ಸ ಹಿಡಿದುಕೊಂಡು ಮೇಲಿನ ಪ ಒತ್ತಿದರೆ ಏನೂ ಆಗುವುದಿಲ್ಲ. ಸ ಬಿಟ್ಟ ಮೇಲೆ ಪ ಬರುತ್ತದೆ. ಗೊತ್ತಿಲ್ಲದವರು ಇದನ್ನೂ ಕೆಟ್ಟ ಕೀ ಅಂದುಕೊಳ್ಳುತ್ತಾರೆ. ನಮ್ಮಂಥವರಿಗೆ ಲಾಸ್ಟ್ ನೋಟ್, ಅಂದರೆ ಕೊನೆಗೆ ಒತ್ತಿದ್ದೇ ನುಡಿಯುವುದು, ಸರಿ ಹೊಂದುತ್ತದೆ.

ಇನ್ನು ಪಾಲಿಫೋನಿ. ಈ ತೊಂದರೆಗೆ ಅದು ಮದ್ದೇ ಅಲ್ಲ. ಪಾಲಿಯಲ್ಲಿ ಪ್ರತಿ ಕೀಗೂ ಬೇರೆ ವಾಯ್ಸ್ (ತನ್ನದೇ ಎನ್ವಲಪ್ ಇರುವ ಧ್ವನಿ), ಹಾಗಾಗಿ ಮೀಟು ತಪ್ಪುವುದಿಲ್ಲ, ನಿಜ. ಆದರೆ ನೀವು ನುಡಿಸಬೇಕೆಂದಿರುವುದು ಗಮಕ. ರಿಯಿಂದ ಗ-ಗೆ ಒಂದೇ ತಂತಿಯಲ್ಲಿ ಜಾರಬೇಕು, ಅಲ್ವಾ? ಪಾಲಿಯಲ್ಲಿ ಬೆರಳು ಕೂಡಿದ ಕಡೆಯೆಲ್ಲ ಎರಡು ಸ್ವರ ಒಟ್ಟಿಗೆ ನುಡಿದು ಕಲಸುಮೇಲೋಗರ. ಮೋನೋದಲ್ಲಿ ಬೆರಳು ಕೂಡಿದಾಗ ಮಾತ್ರ ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವ ಹಾಗೆ ಇಟ್ಟುಕೊಂಡರೆ, ಜಾರು ಬೇಕಾದಲ್ಲಿ ಕೂಡಿಸಿ, ಬೇಡವಾದಲ್ಲಿ ಎತ್ತಿ ನುಡಿಸಬಹುದು. ನಿಮ್ಮ ಹಾರ್ಮೋನಿಯಂ ಬೆರಳು ಅಲ್ಲಿ ಕೆಲಸಕ್ಕೆ ಬರುತ್ತದೆ. ನಾನಂತೂ ಕೊಳಲು, ನಾದಸ್ವರಕ್ಕೆ ಸಿಂಗಲ್ ಟ್ರಿಗರ್, ವೀಣೆ, ಮ್ಯಾಂಡೊಲಿನ್‌ಗೆ ಮಲ್ಟಿ ಅಂತ ಬೇರೆ ಬೇರೆ ಪ್ಯಾಚ್ (ಉಳಿಸಿಟ್ಟ ಟೋನ್) ಮಾಡಿಟ್ಟಿದ್ದೇನೆ.

ಕಂಪ್ಯೂಟರ್‌ಗೆ ಜೋಡಿಸಿದ್ದರೆ ಇದೂ ನೋಡಿ: ಮಿಡಿಯಲ್ಲಿ (ಕಂಪ್ಯೂಟರ್ ಸಿಂಥ್‌ಗೆ ಆಜ್ಞೆ ಕಳಿಸುವ ಭಾಷೆ) ಕಂಟ್ರೋಲರ್ ಆಜ್ಞೆ 126 ಮೋನೋಗೂ 127 ಪಾಲಿಗೂ ಬದಲಾಯಿಸುತ್ತವೆ. ಕಂಪ್ಯೂಟರ್ ಕಳಿಸಿದ ಮಿಡಿ ಫೈಲಿನಲ್ಲಿ ಅವಿದ್ದರೆ, ಅದನ್ನು ಒಪ್ಪುವ ಸಿಂಥ್ ನಿಮ್ಮನ್ನು ಕೇಳದೆ ಮೋಡ್ ಬದಲಿಸಿಬಿಡಬಹುದು.

ಈಗ ಪರೀಕ್ಷೆ. ಪ್ರತಿ ಬೆರಳನ್ನೂ ಪೂರ್ತಿ ಎತ್ತಿ, ಆಮೇಲೆ ಮುಂದಿನದನ್ನು ಒತ್ತಿ, ಅದೇ ವೇಗದಲ್ಲಿ. ಎಲ್ಲ ಸ್ವರವೂ ಬಂದರೆ ಸೆಟ್ಟಿಂಗ್ ಬದಲಿಸಿ, ಕೆಲಸ ಮುಗಿಯಿತು. ಆಗಲೂ ಯಾವಾಗಲೂ ಅದೇ ಒಂದು ಕೀ ಕೈಕೊಟ್ಟರೆ ಮಾತ್ರ ಕಾಂಟ್ಯಾಕ್ಟ್ ಸಂದೇಹ ಪಡಿ. ಬಿಚ್ಚಲೇಬೇಕಾದರೆ ನಾರು ಬಿಡದ ಮೆತ್ತನೆ ಬಟ್ಟೆಯಿಂದ ಧೂಳು ತೆಗೆಯಿರಿ. ಕಪ್ಪು ಚುಕ್ಕಿಯನ್ನು ಉಜ್ಜಬೇಡಿ.