ನಾಟಕದಲ್ಲಿ ಕ್ಯಾಮೆರಾ, ಪರದೆ ತಂದರೆ ಅದು ನಾಟಕವಾಗಿಯೇ ಉಳಿಯುತ್ತದೆಯೇ? ಊರೂರಿಗೆ ಒಯ್ಯಲು ಆಗುತ್ತದೆಯೇ?

ನಿಮ್ಮದು ಹತ್ತು ಜನರ ಹವ್ಯಾಸಿ ತಂಡ. ಹೊಸ ನಾಟಕದಲ್ಲಿ ಒಂದು ಪ್ರೊಜೆಕ್ಟರ್, ಒಂದು ಲೈವ್ ಕ್ಯಾಮೆರಾ ಬಳಸಬೇಕು ಅಂತಿದ್ದೀರಿ. ತಂಡದ ಹಿರಿಯರು ‘ಪರದೆ ನೋಡಬೇಕಾದರೆ ಜನ ಸಿನಿಮಾಕ್ಕೇ ಹೋಗುತ್ತಾರೆ’ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಎಂಟು ವರ್ಷಗಳಿಂದ ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ವಿಡಿಯೋ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೂ ತುಂಬ ಮೊದಲು, 2002ರಿಂದ ಎರಡು ವರ್ಷ, ಕಾಲ್ ಸೆಂಟರಿನಲ್ಲಿದ್ದೆ. ನಿಮ್ಮ ಹಿರಿಯರ ಮಾತಿಗೆ ಉತ್ತರ ನನಗೆ ಸಿಕ್ಕಿದ್ದು ಆ ಕಾಲ್ ಸೆಂಟರಿನಿಂದಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಲ್ಲಿ ಫೋನಿನಲ್ಲಿ ಮಾತಾಡಲು ನನಗೆ ಬೇರೆ ಹೆಸರು ಕೊಟ್ಟಿದ್ದರು. ಸ್ಯಾಂಡ್ರಾ. ಸಂಜೆ ಕರೆದೊಯ್ಯುವ ಸುಮೋ ಗಾಡಿ ಬಂದು ಮನೆ ಮುಂದೆ ಹಾರ್ನ್ ಹೊಡೆಯುವವರೆಗೆ ಅಮ್ಮನ ಜೊತೆ ಕನ್ನಡ. ಒಂಬತ್ತು ಗಂಟೆಗೆ ಹೆಡ್‌ಸೆಟ್ ಹಾಕಿಕೊಂಡರೆ ಅಮೆರಿಕದ ಉಚ್ಚಾರಣೆ. ತರಬೇತಿಯಲ್ಲಿ ಅಲ್ಲಿಯ ಟಿವಿ ಧಾರಾವಾಹಿ ಹಾಕಿ ತೋರಿಸುತ್ತಿದ್ದರು. ಅವರು ಹೇಗೆ ನಗುತ್ತಾರೆ, ಯಾವಾಗ ‘ಸಾರಿ’ ಅನ್ನುತ್ತಾರೆ, ಎಲ್ಲ ಕಲಿಯಬೇಕಿತ್ತು. ಫೋನಿನ ಆ ತುದಿಯವರಿಗೆ ಸ್ಯಾಂಡ್ರಾ ಗೊತ್ತು, ನಾನು ಗೊತ್ತಿಲ್ಲ. ಮನೆಯವರಿಗೆ ನಾನು ಗೊತ್ತು, ಸ್ಯಾಂಡ್ರಾ ಗೊತ್ತಿಲ್ಲ. ಇಬ್ಬರನ್ನೂ ಒಂದೇ ಹೊತ್ತಿಗೆ ನೋಡಿದವರು ಯಾರೂ ಇರಲಿಲ್ಲ.

ಹಾಗೆ ಒಂದೇ ಹೊತ್ತಿಗೆ ತೋರಿಸಿದ ನಾಟಕ ಒಂದಿದೆ. ನ್ಯೂಯಾರ್ಕಿನಲ್ಲಿ ‘ದಿ ಬಿಲ್ಡರ್ಸ್ ಅಸೋಸಿಯೇಷನ್’ ಅಂತ ಒಂದು ತಂಡ. ನಿರ್ದೇಶಕಿ ಮರಿಯಾನ್ ವೀಮ್ಸ್ 1994ರಲ್ಲಿ ಶುರು ಮಾಡಿದ್ದು. ವೇದಿಕೆಯ ಮೇಲೆ ನಟರು, ವಿಡಿಯೋ, ಧ್ವನಿ ಎಲ್ಲ ಸೇರಿಸಿ ನಾಟಕ ಕಟ್ಟಿ ದೇಶ ದೇಶ ಸುತ್ತುತ್ತಾರೆ. ಅವರು ಲಂಡನ್ನಿನ ‘ಮೋಟಿರೋಟಿ’ ತಂಡದ ಜೊತೆ ಸೇರಿ 2003ರಲ್ಲಿ ‘ಅಲಾದೀನ್’ ಮಾಡಿದರು. ಅದಕ್ಕಾಗಿ ಬೆಂಗಳೂರಿನ ಕಾಲ್ ಸೆಂಟರಿನವರನ್ನು ಮಾತನಾಡಿಸಿ ಚಿತ್ರೀಕರಿಸಿಕೊಂಡಿದ್ದರು. ಅಂದರೆ ನನ್ನಂಥವರನ್ನೇ. ನಾನು ನೋಡಿದ್ದು ವರ್ಷಗಳ ಮೇಲೆ, ಅದರ ರೆಕಾರ್ಡಿಂಗ್ ಮಾತ್ರ. ಆದರೂ ಎದ್ದು ಹೋಗಲು ಆಗಲಿಲ್ಲ.

ನಾಟಕದ ಒಂದು ಭಾಗ ಪೂರ್ತಿ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ನಡೆಯುತ್ತದೆ. ನಟರು ವೇದಿಕೆಯ ಮೇಲೆ ಕೂತು ಅಮೆರಿಕದವರ ಫೋನು ತೆಗೆದುಕೊಳ್ಳುತ್ತಾರೆ. ಅವರ ಮುಖ ದೊಡ್ಡ ಪರದೆಯ ಮೇಲೆ ಬರುತ್ತದೆ. ಅಲ್ಲಿ ಆ ಮುಖ ಮೆಲ್ಲಗೆ ‘ಫ್ರೆಂಡ್ಸ್’ ಧಾರಾವಾಹಿಯ ಪಾತ್ರಗಳ ಮುಖವಾಗಿ ಬದಲಾಗುತ್ತದೆ. ಕೆಳಗೆ ಮಾತಾಡುತ್ತಿರುವ ಮನುಷ್ಯ ಹಾಗೇ ಇದ್ದಾನೆ. ಮೇಲೆ ಅವನು ಬೇರೆಯವನಾಗಿದ್ದಾನೆ. ನೋಡುವವರ ಕಣ್ಣು ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ.

ನಿಮ್ಮ ಹಿರಿಯರಿಗೆ ಇದನ್ನು ಹೇಳಿ. ಸಿನಿಮಾದಲ್ಲೂ ಮುಖ ಬದಲಾಯಿಸಬಹುದು, ಇನ್ನೂ ಚೆನ್ನಾಗಿಯೇ ಮಾಡಬಹುದು. ಆದರೆ ಅಲ್ಲಿ ಮೊದಲಿನ ಮುಖವೂ ಚಿತ್ರ, ಆಮೇಲಿನ ಮುಖವೂ ಚಿತ್ರ. ನಾಟಕದಲ್ಲಿ ಒಂದು ಚಿತ್ರ, ಇನ್ನೊಂದು ನಮ್ಮ ಎದುರಿಗೇ ಉಸಿರಾಡುವ ಮೈ. ಆ ಮೈಗೆ ದಣಿವಾಗುತ್ತದೆ, ಬಾಯಿ ಒಣಗುತ್ತದೆ. ಪರದೆಯ ಮೇಲಿನ ನಗುವಿಗೆ ಏನೂ ಆಗುವುದಿಲ್ಲ. ನಾನು ಎರಡು ವರ್ಷ ರಾತ್ರಿಯೆಲ್ಲ ಅನುಭವಿಸಿದ್ದು ಇದನ್ನೇ, ಆದರೆ ಯಾರಿಗೂ ಹೇಳಲು ಬಂದಿರಲಿಲ್ಲ.

ಬಿಲ್ಡರ್ಸ್ ಅಸೋಸಿಯೇಷನ್ ತಂಡವೇ 1998ರಲ್ಲಿ, ಡಿಲ್ಲರ್ ಮತ್ತು ಸ್ಕೊಫಿಡಿಯೊ ಎಂಬ ವಾಸ್ತುಶಿಲ್ಪಿಗಳ ಜೊತೆ ‘ಜೆಟ್ ಲ್ಯಾಗ್’ ಮಾಡಿತ್ತು. ಅದರ ಒಂದು ಕಥೆಗೆ ಮೂಲ ಡೊನಾಲ್ಡ್ ಕ್ರೋಹರ್ಸ್ಟ್ ಎಂಬ ಇಂಗ್ಲೆಂಡಿನವನು. 1968ರಲ್ಲಿ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಸ್ಪರ್ಧೆಗೆ ಹೊರಟ. ದೋಣಿ ಅಷ್ಟು ದೂರ ತಾಳುವುದಿಲ್ಲ ಅಂತ ಗೊತ್ತಾಯಿತು. ಅಟ್ಲಾಂಟಿಕ್ ಸಾಗರದಲ್ಲೇ ಉಳಿದುಕೊಂಡು, ಮುಂದೆ ಹೋಗುತ್ತಿದ್ದೇನೆ ಅಂತ ರೇಡಿಯೋದಲ್ಲಿ ಸುಳ್ಳು ಹೇಳುತ್ತಾ ಬಂದ. 1969ರ ಜುಲೈಯಲ್ಲಿ ದೋಣಿ ಮಾತ್ರ ಸಿಕ್ಕಿತು, ಅವನು ಸಿಗಲಿಲ್ಲ. ನಾಟಕದಲ್ಲಿ ಆ ಮನುಷ್ಯ ಕ್ಯಾಮೆರಾ ಮುಂದೆ ಕೂತು ತನ್ನ ಸಮುದ್ರಯಾನವನ್ನು ಅಭಿನಯಿಸುತ್ತಾನೆ. ಚಿತ್ರ ನೋಡಿದರೆ ಸಮುದ್ರ. ಪಕ್ಕಕ್ಕೆ ಕಣ್ಣು ತಿರುಗಿಸಿದರೆ ವೇದಿಕೆಯ ಮೇಲೆ ಒಬ್ಬಂಟಿ ಮನುಷ್ಯ, ಒಂದಿಷ್ಟು ಸಾಮಾನು. ಸುಳ್ಳು ತಯಾರಾಗುವುದನ್ನೂ ನೋಡುತ್ತೇವೆ, ಅದನ್ನು ನಂಬಿಯೂ ಬಿಡುತ್ತೇವೆ.

ನಮ್ಮಲ್ಲೇ ನೋಡಬೇಕೆಂದರೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಇದೆಯಲ್ಲ. 2005ರಲ್ಲಿ ರಂಗಶಂಕರದಲ್ಲಿ ಅರುಂಧತಿ ನಾಗ್ ಅಭಿನಯದಲ್ಲಿ ನೋಡಿದೆ. ಕನ್ನಡದ ಲೇಖಕಿಯೊಬ್ಬಳು ಇಂಗ್ಲಿಷ್ ಕಾದಂಬರಿಯಿಂದ ಹೆಸರು ಮಾಡಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುವಾಗ, ಪರದೆಯ ಮೇಲಿನ ಅವಳದೇ ಬಿಂಬ ಅಲ್ಲೇ ಉಳಿದು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು. ಅದು ಯಾರಿಗಾಗಿಯೂ ಕಾಯುವುದಿಲ್ಲ. ಎದುರಿನ ನಟಿ ಒಂದು ಉಸಿರು ತಡ ಮಾಡಿದರೂ ಸಂಭಾಷಣೆ ಹಳಿ ತಪ್ಪುತ್ತದೆ. ಅಂದು ನಾನು ಕುರ್ಚಿಯ ತುದಿಯಲ್ಲಿ ಕೂತು ನೋಡಿದ್ದು ಕಥೆಗಾಗಿ ಎಷ್ಟೋ, ಆ ಲೆಕ್ಕಾಚಾರಕ್ಕಾಗಿಯೂ ಅಷ್ಟೇ. ಆ ಪರದೆ ತೆಗೆದುಬಿಟ್ಟರೆ ನಾಟಕವೇ ಇಲ್ಲ. ನಿಮ್ಮ ನಾಟಕದಲ್ಲೂ ಪರದೆ ತೆಗೆದು ಒಂದು ಸಲ ಓದಿ ನೋಡಿ. ಏನೂ ಕಡಿಮೆ ಆಗಲಿಲ್ಲ ಅಂದರೆ ಪ್ರೊಜೆಕ್ಟರ್ ಬಾಡಿಗೆ ಉಳಿಸಿ. ಸುಮ್ನೆ ಹಿಂದೆ ಮಳೆ, ಬೆಟ್ಟ ತೋರಿಸುವುದಕ್ಕೆ ನಮ್ಮ ಕಂಪನಿ ನಾಟಕದವರ ಬಣ್ಣದ ಪರದೆಗಳೇ ಎಷ್ಟೋ ಚಂದ.

ಇನ್ನು ಊರೂರು ಒಯ್ಯುವ ಮಾತು. ಆಗುತ್ತದೆ. ಆದರೆ ನಾಟಕ ಕಟ್ಟುವಾಗಲೇ ಅದನ್ನು ಯೋಚಿಸಬೇಕು. ಪ್ರತಿ ಊರಿನ ರಂಗಮಂದಿರದ ಉದ್ದಗಲ ಬೇರೆ. ಪ್ರೊಜೆಕ್ಟರಿಗೆ ಹಿಂದೆ ಸರಿಯಲು ಜಾಗ ಇಲ್ಲದಿದ್ದರೆ ಚಿತ್ರ ನಿಮಗೆ ಬೇಕಾದಷ್ಟು ದೊಡ್ಡದಾಗುವುದಿಲ್ಲ. ಮೊದಲೇ ಫೋನ್ ಮಾಡಿ ವೇದಿಕೆಯ ಅಳತೆ ಕೇಳಿಕೊಳ್ಳಿ. ನಟರ ಮೇಲೆ ಮುಂದಿನಿಂದ ಬಿಡುವ ಬೆಳಕು ಪರದೆಗೂ ಬಿದ್ದು ಚಿತ್ರ ಮಂಕಾಗುತ್ತದೆ. ಪಕ್ಕದಿಂದ ಬೆಳಕು ಕೊಡಿ. ಮೊಬೈಲ್ ಕ್ಯಾಮೆರಾದ ಚಿತ್ರವನ್ನು ವೈಫೈ ಮೂಲಕ ಕಳಿಸಬೇಡಿ. ತಡವಾಗಿ ಬರುತ್ತದೆ, ಮಾತು ಕೇಳಿದ ಮೇಲೆ ತುಟಿ ಅಲುಗುತ್ತದೆ. ಉದ್ದದ ಕೇಬಲ್ ಒಯ್ಯಿರಿ, ಜೊತೆಗೆ ಅಂಥದೇ ಇನ್ನೊಂದು. ಮುಖ್ಯವಾಗಿ, ವಿಡಿಯೋ ನಡೆಸುವವರು ಮೊದಲ ದಿನದಿಂದಲೇ ತಾಲೀಮಿನಲ್ಲಿ ಕೂರಬೇಕು. ಕೊನೆಯ ಎರಡು ದಿನ ಬಂದು ಬಟನ್ ಒತ್ತುವ ಕೆಲಸ ಅಲ್ಲ ಇದು. ನಟನ ಉಸಿರು ಗೊತ್ತಿಲ್ಲದವರಿಗೆ ಕ್ಯೂ, ಅಂದರೆ ಬಟನ್ ಒತ್ತುವ ಸರಿಯಾದ ಗಳಿಗೆ, ಸಿಗುವುದಿಲ್ಲ.

ಕರೆಂಟಿನದು ಬೇರೆಯೇ ಕಥೆ. ನಮ್ಮ ನಾಟಕವೊಂದರಲ್ಲಿ ಅಮ್ಮ ಊರಿನಲ್ಲಿ, ಮಗಳು ಹೊರದೇಶದಲ್ಲಿ. ಇಬ್ಬರೂ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾರೆ. ಮಗಳ ಪಾತ್ರದವಳು ಸೈಡ್ ವಿಂಗಿನೊಳಗೆ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಕ್ಯಾಮೆರಾ ಮುಂದೆ ಕೂತಿರುತ್ತಿದ್ದಳು. ಅವಳ ಮುಖ ಪರದೆಯ ಮೇಲೆ. ಒಂದು ಊರಿನಲ್ಲಿ, ಜಗಳದ ದೃಶ್ಯದ ನಡುವೆ, ಕರೆಂಟು ಹೋಗಿ ಬಂತು. ಲ್ಯಾಪ್‌ಟಾಪ್ ನಿಲ್ಲಲಿಲ್ಲ. ಪ್ರೊಜೆಕ್ಟರ್ ಆರಿತು. ಅದು ಲ್ಯಾಂಪ್ ಇರುವ ಹಳೆಯದು, ತಣ್ಣಗಾಗಿ ಮತ್ತೆ ಹತ್ತಲು ನಿಮಿಷಗಟ್ಟಲೆ ಬೇಕು. ನನ್ನ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಆ ಹುಡುಗಿ ವಿಂಗಿನಿಂದ ಎದ್ದು ಬಂದು ವೇದಿಕೆಯ ಅಂಚಿನಲ್ಲಿ ನಿಂತಳು. ಕೈಯಲ್ಲಿ ಟಾರ್ಚ್ ಹಿಡಿದು ತನ್ನ ಮುಖಕ್ಕೇ ಬಿಟ್ಟುಕೊಂಡು, ಅಮ್ಮನ ಕಡೆ ನೋಡದೆ, ಇಲ್ಲದ ಕ್ಯಾಮೆರಾಕ್ಕೆ ಮಾತಾಡುತ್ತಾ ಹೋದಳು. ಅಮ್ಮ ಇದ್ದಿದ್ದು ಆರು ಅಡಿ ದೂರದಲ್ಲಿ. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ.

ಅಂದಿನಿಂದ ಅವಳನ್ನು ವಿಂಗಿನೊಳಗೆ ಕೂರಿಸಿಲ್ಲ. ಕ್ಯಾಮೆರಾ, ಕುರ್ಚಿ, ಅವಳು ಎಲ್ಲ ಪ್ರೇಕ್ಷಕರಿಗೆ ಕಾಣುವಂತೆ ವೇದಿಕೆಯ ಮೇಲೇ ಇರುತ್ತೆ. ಮುಖ ಪರದೆಯ ಮೇಲೆ, ಅಮ್ಮನ ಕಣ್ಣಿನ ನೇರಕ್ಕೆ. ಮೈ ಮಾತ್ರ ಬೆನ್ನು ತಿರುಗಿಸಿ ಕೂತಿರುತ್ತದೆ. ನೋಡಿದ ಎಷ್ಟೋ ತಾಯಂದಿರು ಶೋ ಮುಗಿದ ಮೇಲೆ ಬಂದು ಆ ಬೆನ್ನಿನ ಬಗ್ಗೆಯೇ ಮಾತಾಡುತ್ತಾರೆ.

ನಿಮ್ಮ ನಾಟಕದಲ್ಲಿ ಕ್ಯಾಮೆರಾ ಯಾರ ಮುಖದ ಮೇಲಿದೆ, ಅವರು ಪ್ರೇಕ್ಷಕರಿಗೆ ಕಾಣುತ್ತಾರಾ ಇಲ್ಲವಾ ಅಂತ ನೀವು ಬರೆದಿಲ್ಲ. ಅದನ್ನು ತಿಳಿಸಿದರೆ ಕ್ಯಾಮೆರಾ, ಪರದೆ ಎಲ್ಲಿಟ್ಟರೆ ಸರಿ ಅಂತ ಮುಂದೆ ಹೇಳುತ್ತೇನೆ. ಮೊದಲ ತಾಲೀಮಿಗೆ ಬಾಡಿಗೆ ಸಾಮಾನು ಯಾವುದೂ ಬೇಡ, ಒಂದು ಮೊಬೈಲು, ಒಂದು ಟಿವಿ, ಒಂದು ಕೇಬಲ್ ಸಾಕು.